ದೋಣಿಯವನನ್ನು ಉಳಿಸುವ ಕರಡುಗಳು

ಮಾರ್ಚ್ ೩

ಗುಂಡನಿಗೆ,

ಈ ಕಟ್ಟಿನ ಗಾತ್ರ ನೋಡಿ ಹೌಹಾರಬೇಡ. ಮೂರನೆಯ ಸಂಪುಟದ ಕೊನೆಯ ಅಧ್ಯಾಯಗಳು, ಐದನೆಯ ಕರಡು. ಎಂದಿನಂತೆ ಹಳೆಯ ಕರಡಿನ ಹಿಂಬದಿಯಲ್ಲೇ ಹೊಸದನ್ನು ಬರೆದಿದ್ದೇನೆ. ಕಾಗದ ದಂಡ ಮಾಡಿದರೆ ಅಪ್ಪ ಎಲ್ಲಿಂದಲೋ ಎದ್ದು ಬಂದು ಕಿವಿ ಹಿಂಡುತ್ತಾರೆ ಎಂಬ ಭಯ ಈ ವಯಸ್ಸಿನಲ್ಲೂ ಹೋಗಿಲ್ಲ. ಹಸಿರು ಶಾಯಿಯ ಬದಿಯನ್ನು ಮಾತ್ರ ಓದು. ನೀಲಿ ಬದಿ ನಾಲ್ಕನೆಯ ಕರಡು, ಅದು ಸತ್ತುಹೋಯಿತು, ಅದರ ಸುದ್ದಿಗೆ ಹೋಗಬೇಡ.

ಸುದ್ದಿ ಏನೆಂದರೆ, ದೋಣಿಯವ ಬದುಕಿಕೊಂಡ! ಮಂಜಿನ ಕೆರೆಯ ಆಚೆ ದಡದ ಗುಡ್ಡದಲ್ಲಿ ಬೆಳ್ಳಿ ಬಣ್ಣದ ಒಂದು ಎಲೆ ಇದೆ. ರಾಣಿ ಅದನ್ನು ತಂದು ಅವನ ನಾಲಿಗೆಯ ಮೇಲಿಡುತ್ತಾಳೆ, ಅವನ ಉಸಿರು ಮರಳುತ್ತದೆ. ಬರೆದು ಮುಗಿಸಿದಾಗ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಮೇಲಿನ ಮನೆಯವರು ಇವಳಿಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು.

ಆ ಗುಡ್ಡವನ್ನು ಪುಸ್ತಕಕ್ಕೆ ನೀನು ಬರೆದ ನಕ್ಷೆಯಲ್ಲಿ ಸೇರಿಸಬೇಕಲ್ಲ, ಅದಕ್ಕೇ ಕಳಿಸುತ್ತಿದ್ದೇನೆ. ಕೈ ಚೆನ್ನಾಗಿದ್ದ ದಿನ ಬರಿ, ಅವಸರವಿಲ್ಲ. ಅವಸರ ಇರುವುದು ಪ್ರಕಾಶನದ ಸಂಪಾದಕಿಗೆ. ವಾರಕ್ಕೊಮ್ಮೆ ಫೋನ್ ಮಾಡಿ, ‘ಮೇಡಂ, ಮೊದಲ್ನೇ ಸಂಪುಟ ಓದಿದ ಮಕ್ಳಿಗೆಲ್ಲಾ ಈಗ ಮದುವೆ ಆಗ್ತಿದೆ’ ಎನ್ನುತ್ತಾಳೆ.

ಹೊಸ ಮಾತ್ರೆ ಹಿಡಿಸಿದೆ ಎಂದು ನಿನ್ನ ಹೆಂಡತಿ ಹೇಳಿದಳು. ಕೇಳಿ ಜೀವಕ್ಕೆ ಸಮಾಧಾನವಾಯಿತು. ಫೋನಿನಲ್ಲಿ ಮಾತಾಡಿ ನಿನ್ನನ್ನು ದಣಿಸುವುದಿಲ್ಲ, ಕಾಗದವೇ ವಾಸಿ. ಈ ಕರಡು ಮುಗಿದ ಕೂಡಲೇ ಹೊರಟು ಬರುತ್ತೇನೆ.

ನಿನ್ನ ಅಕ್ಕ

*

ಮಾರ್ಚ್ ೧೯

ಅಕ್ಕಾ,

ಕಟ್ಟು ತಲುಪಿತು. ಅಂಚೆಯವನು, ‘ಏನ್ ಸಾರ್, ಇಟ್ಟಿಗೆ ತರ್ಸಿದ್ರಾ?’ ಎಂದ. ನಮ್ಮಕ್ಕ ಬರೆದ ಕಾದಂಬರಿ ಎಂದೆ. ‘ಹಂಗಾದ್ರೆ ಸರಿ’ ಎಂದು ಹೋದ. ಏನು ಸರಿಯೋ ದೇವರೇ ಬಲ್ಲ.

ನನಗೆ ಈಗ ಮೂಗುದಾರ ಹಾಕಿದ್ದಾರೆ. ಆಕ್ಸಿಜನ್ ಮೆಷಿನ್ನಿನ ಕೊಳವೆ ಅಡುಗೆಮನೆಯ ಹೊಸ್ತಿಲಿನ ತನಕ ಎಟಕುತ್ತದೆ, ಅಲ್ಲಿಂದಾಚೆ ಇಲ್ಲ. ಹೊಸ್ತಿಲಲ್ಲೇ ಕುರ್ಚಿ ಹಾಕಿಕೊಂಡು ಒಳಗಿನ ಕಾರುಬಾರನ್ನೆಲ್ಲ ವಿಚಾರಿಸುತ್ತೇನೆ, ಇವಳಿಗೆ ತಲೆ ಚಿಟ್ಟು ಹಿಡಿದಿದೆ. ಸರ್ವೆ ಕಚೇರಿಯವರು ನನ್ನ ನಕ್ಷೆಯ ಮೇಜನ್ನು ಮನೆಗೇ ಕಳಿಸಿದ್ದಾರೆ. ‘ಆರಾಮಾಗಿ ರಜೆ ಮುಗಿಸ್ಕೊಂಡು ಬನ್ನಿ’ ಎಂದವರು ಮೇಜನ್ನು ಯಾಕೆ ಕಳಿಸಿದರು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಈಗ ನಿನ್ನ ಎಲೆಯ ವಿಚಾರ. ಎರಡು ದಪ್ಪ ಸಂಪುಟ ಬರೆದಾಗ ಎಲ್ಲಿತ್ತು ಅದು? ಆಚೆ ದಡ ಬರೀ ಬೋಳು ಕಲ್ಲು ಎಂದು ಹೇಳಿ ಹೇಳಿ ನನ್ನಿಂದ ಗೆರೆ ಎಳೆಸಿದವಳು ನೀನು. ಆ ಕಲ್ಲಿಗೆ ನೆರಳು ಹಾಕುವಷ್ಟರಲ್ಲಿ ನನ್ನ ಬೆರಳು ಬಿದ್ದುಹೋಗಿತ್ತು. ಈಗ ಅಲ್ಲಿ ಸೊಪ್ಪು ಬೆಳೆಯುತ್ತೀಯಂತೆ!

ನೀಲಿ ಬದಿಯನ್ನೂ ಓದಿದೆ. ಓದಬೇಡ ಎಂದರೆ ಓದದೆ ಇರುವವನಾ ನಾನು? ನಾಲ್ಕನೆಯ ಕರಡಿನಲ್ಲಿ ದೋಣಿಯವ ಹೊರಟೇ ಬಿಟ್ಟಿದ್ದ. ದಿಕ್ಕು ತಿರುಗಿಸುವ ಹುಟ್ಟನ್ನು ಒಳಗೆಳೆದುಕೊಂಡು ಮಲಗಿದ, ಎನ್ನುವಲ್ಲಿಗೆ ಬಂದು ಮುಂದಿನ ಸಾಲುಗಳನ್ನೆಲ್ಲ ಹೊಡೆದು ಹಾಕಿದ್ದೀಯ. ಎಷ್ಟು ಒತ್ತಿ ಎಂದರೆ ಕಾಗದ ಹರಿದು ಈಚೆ ಬದಿಯ ಎಲೆಗೂ ತೂತು ಬಿದ್ದಿದೆ. ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ.

ಅವನು ಹೇಗಿದ್ದವನು ಹೇಗಾದ, ಯೋಚನೆ ಮಾಡು. ನಾನು ಕಾಲು ಮುರಿದುಕೊಂಡು ಮಲಗಿದ್ದಾಗ ನನ್ನನ್ನು ನಗಿಸಲು ಹುಟ್ಟಿಸಿದ ಕೋಡಂಗಿ ಅವನು. ಕಿವಿ ಮುಚ್ಚುವ ಟೊಪ್ಪಿಗೆ, ದಾಟಿಸಿದ್ದಕ್ಕೆ ಕೂಲಿಯಾಗಿ ಅಂಗಿಯ ಗುಂಡಿ ಕೇಳುತ್ತಿದ್ದ. ಮೊದಲ ಸಂಪುಟದ ಮೊದಲ ಕರಡಿನಲ್ಲಿ ಎರಡು ಪುಟ ಬಂದು ಸೀನಿ ಹೋಗುತ್ತಿದ್ದ. ಎರಡನೆಯದರಲ್ಲಿ ರಾಣಿಯ ಕಳೆದುಹೋದ ತಮ್ಮನಾದ. ಆಮೇಲೆ ಒಂದು ದಿನ ನೀನು ಫೋನ್ ಮಾಡಿ, ‘ಗುಂಡಾ, ಕೆರೇಲಿ ನೀರೇ ಇಲ್ಲ ಕಣೋ, ಬರೀ ಮಂಜು! ದೋಣಿ ಹೋಗೋದು ಅವನ ಉಸಿರಿಂದ’ ಎಂದು ಕಿರುಚಿದೆ. ಪ್ರತಿ ಸಲ ದಾಟಿಸಿದಾಗಲೂ ಅವನಿಗೆ ಒಂದು ಉಸಿರು ಕಡಿಮೆ. ಆಗ ನನಗೆ ಕೆಮ್ಮು ಕೂಡ ಇರಲಿಲ್ಲ. ಎಂಥಾ ಚೆನ್ನಾಗಿದೆ ಎಂದು ಕುಣಿದಾಡಿದ್ದೆ.

ಅದು ಅಚ್ಚಾಗಿ ಊರೆಲ್ಲ ಓದಿದ ಮೇಲೆ ಈಗ ಎಲೆ ತಂದರೆ ಹೇಗೆ? ಮಾತ್ರೆ ಹಿಡಿಸಿದೆ ಎಂದು ಇವಳು ಹೇಳಿದ್ದೂ ಆ ಎಲೆಯ ಜಾತಿಯದ್ದೇ. ಡಾಕ್ಟರು ನನ್ನ ಹತ್ತಿರ ಬಿಸಿಲು ಮಳೆ ಮಾತಾಡಿ, ಇವಳನ್ನು ಬಾಗಿಲಾಚೆ ಕರೆದು ಮಾತಾಡುತ್ತಾರೆ. ಇವಳು ಮುಖ ತೊಳೆದುಕೊಂಡು ಒಳಗೆ ಬರುತ್ತಾಳೆ.

ದೋಣಿಯವ ಹೇಗೆ ಹೋಗುತ್ತಾನೆ ಎಂದು ನಿನಗೆ ಗೊತ್ತಿದ್ದರೆ ಬರಿ. ನಿಜವಾಗಿಯೂ ಕೇಳುತ್ತಿದ್ದೇನೆ.

ಗುಂಡ

*

ಏಪ್ರಿಲ್ ೨

ಗುಂಡಾ,

ಒಪ್ಪಿದೆ ಮಾರಾಯಾ, ಎಲೆ ಶುದ್ಧ ಮೋಸ. ಓದುಗರು ನನ್ನನ್ನು ಅಟ್ಟಾಡಿಸಿ ಹೊಡೆಯುತ್ತಿದ್ದರು. ನಿನ್ನಷ್ಟು ನಿಷ್ಠುರವಾಗಿ ಹೇಳುವವರು ಇನ್ನು ಯಾರಿದ್ದಾರೆ ನನಗೆ? ಕಾಗದ ಬಂದ ದಿನವೇ ಸೊಪ್ಪನ್ನೆಲ್ಲ ಕಿತ್ತು ಹಾಕಿದೆ.

ಆರನೆಯ ಕರಡು ಇದು. ಈಗ ಕೇಳು. ಅವನು ಇಷ್ಟು ವರ್ಷ ಯಾರನ್ನೆಲ್ಲ ದಾಟಿಸಿದ್ದನೋ ಅವರೆಲ್ಲ ದಡಕ್ಕೆ ಬರುತ್ತಾರೆ. ಕಮ್ಮಾರ, ಅಗಸರ ಅಜ್ಜಿ, ಸೋತ ಸೈನಿಕರು, ಮೊದಲ ಸಂಪುಟದ ಆ ಜಗಳಗಂಟಿ ಜೋಡಿ ಕೂಡ. ಒಬ್ಬೊಬ್ಬರೂ ಬಾಗಿ ಅವನ ಬಾಯಿಗೆ ಒಂದೊಂದು ಉಸಿರು ವಾಪಸು ಕೊಡುತ್ತಾರೆ. ಕೊನೆಗೆ ರಾಣಿ ಕೊಡುತ್ತಾಳೆ. ಅವನು ಎದ್ದು ಕೂತು ಸೀನುತ್ತಾನೆ. ಇದು ಎಲ್ಲಿಂದಲೋ ಉದುರಿದ್ದಲ್ಲ, ನಮ್ಮ ನಿಯಮದಿಂದಲೇ ಬಂದದ್ದು. ಕೊಟ್ಟ ಉಸಿರನ್ನು ಹಿಂದಕ್ಕೆ ಕೊಡಬಾರದು ಎಂದು ಎಲ್ಲೂ ಬರೆದಿಲ್ಲ. ಎರಡೂ ಸಂಪುಟ ತಿರುವಿ ಹಾಕಿ ನೋಡಿದ್ದೇನೆ.

ಸಂಪಾದಕಿಗೆ ಫೋನಿನಲ್ಲಿ ಹೇಳಿದೆ, ‘ಇದೇ ಇರ್ಲಿ ಮೇಡಂ’ ಎಂದಳು. ನಿನಗೂ ಇಷ್ಟವಾಗುತ್ತದೆ. ದಡದಲ್ಲಿ ಅಷ್ಟು ಜನ ನಿಲ್ಲಲು ಜಾಗ ಬೇಕು, ನಕ್ಷೆಯಲ್ಲಿ ದಡವನ್ನು ಸ್ವಲ್ಪ ಅಗಲ ಮಾಡುತ್ತೀಯಾ?

ಡಾಕ್ಟರ ಮಾತಿಗೆಲ್ಲ ಅರ್ಥ ಹಚ್ಚುತ್ತಾ ಕೂರಬೇಡ. ನಿನ್ನ ಹೆಂಡತಿ ಮೊದಲಿನಿಂದಲೂ ಸಣ್ಣದಕ್ಕೆ ಅಳುವವಳು. ಹೊಟ್ಟೆ ತುಂಬ ಉಣ್ಣು, ಹುಷಾರಾಗುತ್ತೀಯ. ಇದನ್ನೊಂದು ಸಲ ಚೊಕ್ಕವಾಗಿ ಪ್ರತಿ ಮಾಡಿಬಿಟ್ಟರೆ ನನ್ನ ಕೈ ಖಾಲಿ. ಆಗ ಬರುತ್ತೇನೆ, ಖಂಡಿತ.

ಅಕ್ಕ

*

ಏಪ್ರಿಲ್ ೧೩

ಅಕ್ಕಾ,

ದಡ ಅಗಲ ಮಾಡುವುದಿಲ್ಲ. ಬೇಕಾದರೆ ನೀನೇ ಎಳೆದುಕೋ.

ಸಿಟ್ಟು ಬಂದಿದೆ, ನೆಟ್ಟಗೆ ಹೇಳುತ್ತೇನೆ. ಇವಳು ಸಣ್ಣದಕ್ಕೆ ಅಳುವವಳಲ್ಲ. ನಿನಗೇ ಚೆನ್ನಾಗಿ ಗೊತ್ತು. ಎರಡು ಮೆಟ್ಟಿಲು ಹತ್ತಲು ನನಗೆ ಆಗುತ್ತಿಲ್ಲ. ಸ್ನಾನ ಮಾಡಿಸಿಕೊಂಡು ಬಂದರೆ ಮಧ್ಯಾಹ್ನದ ತನಕ ಮಾತು ಹೊರಡುವುದಿಲ್ಲ. ಈ ಮನೆಗೆ ಯಾರೇ ಬರಲಿ, ‘ಪರವಾಗಿಲ್ವೇ, ಮುಖದಲ್ಲಿ ಕಳೆ ಬಂದಿದೆ’ ಎನ್ನುತ್ತಾರೆ. ಅಷ್ಟು ಹೇಳಿ ಗಡಿಯಾರ ನೋಡುತ್ತಾರೆ. ಇವಳು ಮುಂದಿನ ವರ್ಷಕ್ಕೆ ಪರದೆ ಬಟ್ಟೆ ಆರಿಸುತ್ತಾಳೆ, ಯಾವ ಬಣ್ಣ ಎಂದು ನನ್ನನ್ನು ಕೇಳುತ್ತಾಳೆ. ನೀಲಿ ಎನ್ನುತ್ತೇನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ನನಗೆ ಹೆದರಿಕೆ ಆಗುತ್ತಿದೆ ಅಕ್ಕ. ಸಾಯುವುದಕ್ಕೇ ಎನ್ನಲಾರೆ, ಅದು ಹೇಗಿರುತ್ತದೆ ಎಂದು ಒಬ್ಬರೂ ಹೇಳುವುದಿಲ್ಲವಲ್ಲ, ಅದಕ್ಕೆ. ಉಸಿರು ಸಿಕ್ಕಿಹಾಕಿಕೊಂಡಾಗ ಒಬ್ಬನಿಗೆ ಏನಾಗುತ್ತದೆ, ಪಕ್ಕದಲ್ಲಿ ಇರುವವರು ಏನು ಮಾಡಬೇಕು, ಬಾಯಲ್ಲಿ ಯಾವ ಮಾತು ಬರುತ್ತದೆ. ಚಿಕ್ಕವನಿದ್ದಾಗ ಕತ್ತಲೆಗೆ ಹೆದರಿದರೆ ನೀನು ಕತ್ತಲೆಯದ್ದೇ ಕಥೆ ಹೇಳುತ್ತಿದ್ದೆ, ಆಮೇಲೆ ನಿದ್ದೆ ಬರುತ್ತಿತ್ತು. ಅದನ್ನೇ ಕೇಳಿದ್ದು ನಾನು. ನೀನು ನೋಡಿದರೆ ಊರ ಜನರನ್ನೆಲ್ಲ ದಡಕ್ಕೆ ಕರೆತಂದು ಉಸಿರು ಹಂಚಿಸುತ್ತಿದ್ದೀಯ.

ನಿನ್ನ ಕಮ್ಮಾರನೂ ಅಗಸರ ಅಜ್ಜಿಯೂ ನನ್ನ ಬಾಗಿಲಿಗೆ ಬರುವುದಿಲ್ಲ. ಹೆದರುಪುಕ್ಕಲಿ ನೀನು. ಬರೆಯಲು ಆಗದಿದ್ದರೆ ಆಗುವುದಿಲ್ಲ ಎಂದು ಹೇಳು, ಇನ್ನೊಂದು ಕರಡು ಕಳಿಸಬೇಡ.

ಗುಂಡ

*

ಜೂನ್ ೧೧

ಗುಂಡಾ,

ಇಷ್ಟು ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ನಿನ್ನ ಕಾಗದವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ, ಮತ್ತೆ ತೆಗೆದೆ, ಮತ್ತೆ ಹಾಕಿದೆ. ಬೈದದ್ದಕ್ಕೆ ಬೇಜಾರಾಯಿತು ಎಂದುಕೊಂಡೆಯಾ? ಬೈದದ್ದು ಸಾಲದು.

ನನಗೆ ಎಲ್ಲ ಗೊತ್ತಿತ್ತು. ಫೆಬ್ರವರಿಯಲ್ಲೇ ನಿನ್ನ ಹೆಂಡತಿ ಫೋನ್ ಮಾಡಿ ಹೇಳಿದ್ದಳು, ವರ್ಷ ದಾಟುವುದು ಕಷ್ಟವಂತೆ ಎಂದು. ಅವರಿಗೆ ಹೇಳಬೇಡಿ ಅತ್ತಿಗೆ, ಧೈರ್ಯ ಕಳೆದುಕೊಳ್ಳುತ್ತಾರೆ ಎಂದು ಅವಳು ಅತ್ತಳು, ನಾನು ಆಣೆ ಮಾಡಿದೆ. ಆಮೇಲೆ ನಾನೇ ನಿನ್ನ ಡಾಕ್ಟರಿಗೆ ಫೋನ್ ಹಚ್ಚಿ, ನನ್ನ ಎರಡು ಶ್ವಾಸಕೋಶದಲ್ಲಿ ಒಂದನ್ನು ಅವನಿಗೆ ಹಾಕಿ ಎಂದೆ. ‘ಹಂಗೆಲ್ಲಾ ಆಗಲ್ಲಮ್ಮಾ, ಅವರ ದೇಹ ತಡೆಯಲ್ಲ’ ಎಂದರು. ಬೇರೆ ಏನಾದರೂ ಮಾಡಬಹುದಾ ಎಂದೆ. ಬಂದು ನೋಡಿಕೊಂಡು ಹೋಗಿ ಎಂದರು. ಫೋನಿಟ್ಟು ಬಂದು ಆ ಎಲೆ ಬರೆದೆ.

ಕೆರೆಗೆ ಉಸಿರಿನ ನಿಯಮ ಮಾಡಿದ್ದು ನಾನು. ಟಿಪ್ಪಣಿಯ ಅಂಚಿನಲ್ಲಿ ‘ಉಸಿರು ತೀರಿದ ದಿನ ತಮ್ಮ ಹೋಗಬೇಕು’ ಎಂದು ಬರೆದದ್ದೂ ನಾನೇ. ದೊಡ್ಡ ಸಾಹಿತಿಯ ಹಾಗೆ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ನಿನಗೆ ಕಾಯಿಲೆ ಎಂದು ತಿಳಿದ ದಿನದಿಂದ ಆ ಸಾಲು ನನ್ನನ್ನು ತಿನ್ನುತ್ತಿದೆ. ಮೂಢನಂಬಿಕೆ ಎಂದು ನಗು, ಪರವಾಗಿಲ್ಲ. ಹಾಳೆಯ ಮೇಲೆ ಅದನ್ನು ಅಳಿಸಿದರೆ ಎಲ್ಲೋ ಏನೋ ಸಡಿಲವಾಗುತ್ತದೆ ಎಂದು ಬರೆದೆ, ಹರಿದೆ, ಬರೆದೆ. ಏಳನೆಯ ಕರಡಿನಲ್ಲಿ ಕೆರೆಯನ್ನೇ ಬತ್ತಿಸಿದೆ. ಮಂಜು ಬತ್ತುವುದಿಲ್ಲ ಎಂದು ನನಗೇ ನಾಚಿಕೆಯಾಗಿ ಒಲೆಗೆ ಹಾಕಿದೆ.

ಕರಡು ಮುಗಿದ ಮೇಲೆ ಬರುತ್ತೇನೆ ಎಂದೆನಲ್ಲ, ಅದೂ ನೆಪವೇ. ನಿನ್ನನ್ನು ಆ ಕೊಳವೆಯ ಜೊತೆ ನೋಡಲು ನನಗೆ ಧೈರ್ಯವಿಲ್ಲ. ಇಷ್ಟೇ ಸತ್ಯ.

ಈಗ ಬರೆದಿದ್ದೇನೆ. ಇದು ಹೊಸ ಹಾಳೆ, ಹಿಂಬದಿಯಲ್ಲಿ ಏನೂ ಇಲ್ಲ. ಹೇಗಿರುತ್ತದೆ ಎಂದು ನನಗೂ ಗೊತ್ತಿಲ್ಲ ಗುಂಡ. ಅಪ್ಪ ಹೋಗುವಾಗ ಪಕ್ಕದಲ್ಲಿದ್ದವಳು ನಾನೊಬ್ಬಳೇ, ಅಲ್ಲಿ ನೋಡಿದ್ದನ್ನು ಹಾಕಿದ್ದೇನೆ. ಪೂರ್ತಿ ಅಧ್ಯಾಯ ಇಟ್ಟಿದ್ದೇನೆ, ಓದಲು ದಣಿವಾದರೆ ಇಷ್ಟು ಓದು:

“ಉಸಿರು ಸಣ್ಣದಾಯಿತು. ಮೊದಲು ಕಾಲು ತಣ್ಣಗಾಯಿತು, ಅವನು ಅದನ್ನು ಗಮನಿಸಲಿಲ್ಲ. ‘ನೋಯುತ್ತಾ?’ ಎಂದು ಪಕ್ಕದಲ್ಲಿ ಕೂತಿದ್ದ ದಡದ ಹೆಂಗಸು ಕೇಳಿದಳು. ‘ಇಲ್ಲ, ಸುಸ್ತು’ ಎಂದ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತುಂಬ ಹೊತ್ತು ಹಿಡಿಯಿತು. ಆ ನಡುವಿನಲ್ಲಿ ಅವನಿಗೆ ಯಾವ ಅವಸರವೂ ಇರಲಿಲ್ಲ. ಅಷ್ಟರಲ್ಲಿ ರಾಣಿಯ ಕುದುರೆ ದಡಕ್ಕೆ ಬಂತು. ಅವಳು ಓಡಿಬಂದು ಅವನ ಕೈ ಹಿಡಿದಳು. ‘ಅಕ್ಕಾ, ನಾನು ಎಲ್ಲಿಗೂ ಹೋಗುವುದಿಲ್ಲ, ಮಂಜಾಗಿ ಈ ಕೆರೆಯ ಮೇಲೆ ಸದಾ ನಿನ್ನ ದಾರಿ ಕಾಯುತ್ತಿರುತ್ತೇನೆ’ ಎಂದು ಅವನು ಹೇಳಿದ. ಮುಂದಿನ ಉಸಿರು ಬರಲಿಲ್ಲ.”

ಇದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಆಗಲಿಲ್ಲ.

ಅಕ್ಕ

*

ಜೂನ್ ೨೯

ಅಕ್ಕಾ,

ಅಕ್ಷರ ಇಷ್ಟು ದುಂಡಗಿದೆಯಲ್ಲ ಎಂದು ಅನುಮಾನ ಬೇಡ. ನಾನು ಹೇಳುತ್ತಿದ್ದೇನೆ, ಇವಳು ಬರೆಯುತ್ತಿದ್ದಾಳೆ. ಮೂರು ಮಾತಿಗೊಮ್ಮೆ ನಿಲ್ಲಿಸುತ್ತೇನೆ, ಅಷ್ಟರಲ್ಲಿ ಇವಳು ಒಂದು ಬಟ್ಟೆ ಮಡಚುತ್ತಾಳೆ. (ಇಲ್ಲ ಅತ್ತಿಗೆ, ಸುಮ್ಮನೆ ಹೇಳುತ್ತಾರೆ, ಪಕ್ಕದಲ್ಲೇ ಕೂತಿದ್ದೇನೆ.)

ಕಣ್ಣು ಮಂಜಾಗುತ್ತದೆಂದು ನಿನ್ನ ಅಧ್ಯಾಯವನ್ನು ಇವಳ ಕೈಲೇ ಗಟ್ಟಿಯಾಗಿ ಓದಿಸಿದೆ. ‘ನೋಯುತ್ತಾ’ ಎನ್ನುವಲ್ಲಿಗೆ ಬಂದು ಹಾಳೆ ಕೆಳಗಿಟ್ಟಳು. ‘ರೀ, ನಿಮ್ಗೆಲ್ಲಾ ಗೊತ್ತಾ?’ ಎಂದಳು. ಗೊತ್ತು ಎಂದೆ. ‘ಈ ಮನೇಲಿ ನಂಗೊಬ್ಳಿಗೇ ಗೊತ್ತು ಅಂದ್ಕೊಂಡು ಸತ್ತೋಗ್ತಿದ್ದೆ’ ಎಂದಳು. ಆಮೇಲೆ ಇಬ್ಬರೂ ಚೆನ್ನಾಗಿ ಅತ್ತೆವು. ತಬ್ಬಿಕೊಳ್ಳಲು ಹೋದರೆ ಕೊಳವೆ ಸಿಕ್ಕಿಹಾಕಿಕೊಂಡು ಮೆಷಿನ್ ಕೀ ಎಂದು ಕಿರುಚಿತು, ಅಳುತ್ತಾ ಅಳುತ್ತಾ ನಗು ಬಂತು. ಈಗ ಮನೆಯಲ್ಲಿ ಎಲ್ಲ ಮಾತೂ ಆಡುತ್ತೇವೆ. ಪರದೆಗೆ ನೀಲಿ ಬೇಡವಂತೆ, ಅವಳಿಗೆ ಮೊದಲಿನಿಂದಲೂ ಹಳದಿಯೇ ಇಷ್ಟವಂತೆ. ಈಗ ಹೇಳುತ್ತಾಳೆ!

ಅಧ್ಯಾಯ ಚೆನ್ನಾಗಿದೆ ಅಕ್ಕ. ನನಗೆ ಬೇಕಾಗಿದ್ದದ್ದು ಇದೇ. ಆ ನಡುವಿನ ಹೊತ್ತಿನಲ್ಲಿ ಅವಸರ ಇರಲಿಲ್ಲ ಎಂದಿದ್ದೀಯಲ್ಲ, ಅದನ್ನು ಇವಳಿಂದ ಮತ್ತೆ ಮತ್ತೆ ಓದಿಸಿಕೊಂಡೆ. ಹೆದರಿಕೆ ಪೂರ್ತಿ ಹೋಯಿತು ಎಂದರೆ ಸುಳ್ಳು. ಕಡಿಮೆಯಾಗಿದೆ.

ತಿದ್ದುಪಡಿ ಎರಡು. ಮೊದಲನೆಯದು, ಮಂಜಾಗಿ ಸದಾ ದಾರಿ ಕಾಯುತ್ತೇನೆ ಎಂಬ ಭಾಷಣ ತೆಗೆ. ಉಸಿರೇ ಇಲ್ಲದವನು ಅಷ್ಟುದ್ದ ಮಾತಾಡುತ್ತಾನಾ? ನಾನು ನೀರು ಕೇಳಲು ಮೂರು ಸಲ ನಿಲ್ಲುತ್ತೇನೆ.

ಎರಡನೆಯದು ರಾಣಿ. ಅವಳು ಬರಬಾರದು. ನಕ್ಷೆ ಬರೆದವನು ನಾನು, ಅರಮನೆಗೂ ಕೆರೆಗೂ ಎಷ್ಟು ದೂರ ಎಂದು ನಿನಗಿಂತ ಚೆನ್ನಾಗಿ ಗೊತ್ತು. ಸುದ್ದಿ ಹೊತ್ತವನು ಮೊದಲು ಅಷ್ಟೂ ದಾರಿ ಹೋಗಬೇಕು, ಆಮೇಲೆ ಅವಳು ಅಷ್ಟೂ ದಾರಿ ಬರಬೇಕು. ನಡುವೆ ಕಣಿವೆ ಬೇರೆ ಇದೆ. ಕುದುರೆಗೆ ರೆಕ್ಕೆ ಕಟ್ಟಿದರೂ ಆಗುವುದಿಲ್ಲ. ಅವಳು ತಲುಪುವುದಿಲ್ಲ ಅಕ್ಕ, ಹಾಗೇ ಬರಿ. ಅದರ ಕೆಳಗೆ, ಅದಕ್ಕೆ ಅವನಿಗೆ ಬೇಜಾರಾಗಲಿಲ್ಲ ಎಂದೂ ಒಂದು ಸಾಲು ಬರಿ. ಇಲ್ಲದಿದ್ದರೆ ಪುಸ್ತಕ ಮುಗಿದ ಮೇಲೂ ಅವಳು ಆ ದಡದಲ್ಲೇ ಕೂತು ಹಣೆ ಚಚ್ಚಿಕೊಳ್ಳುತ್ತಾಳೆ. ಅವಳ ಬುದ್ಧಿ ನನಗೆ ಗೊತ್ತಿಲ್ಲವಾ?

ದಣಿವಾಯಿತು. ಇವಳಿಗೂ ಕೈ ನೋಯುತ್ತಿದೆಯಂತೆ. (ನೋಯುತ್ತಿಲ್ಲ ಅತ್ತಿಗೆ. ಆದರೆ ಬರುವುದಾದರೆ ಬೇಗ ಬನ್ನಿ.)

ಗುಂಡ

*

ಜುಲೈ ೯

ಗುಂಡಾ,

ಇದನ್ನು ರೈಲು ನಿಲ್ದಾಣದ ಬೆಂಚಿನ ಮೇಲೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಕೈಗೆ ಬಂದ ಮಧ್ಯಾಹ್ನವೇ ಹೊರಟೆ. ಎರಡನೆಯ ರೈಲು ಹತ್ತಿ ಅರ್ಧ ದಾರಿ ಬಂದಿದ್ದೆವು. ಮುಂದೆ ಗುಡ್ಡ ಕುಸಿದು ಹಳಿ ಮುಚ್ಚಿಹೋಗಿದೆಯಂತೆ. ನಿನ್ನೆಯಿಂದ ಇಲ್ಲೇ ಇದ್ದೇವೆ. ರಸ್ತೆಯೂ ಇಲ್ಲ, ಬಸ್ಸೂ ಇಲ್ಲ. ಟ್ಯಾಕ್ಸಿಯವನ ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದೆ. ‘ದುಡ್ಡಿನ್ ಮಾತಲ್ಲಮ್ಮಾ, ದಾರೀನೇ ಇಲ್ಲ, ಹೆಂಗ್ ಹೋಗೋದು?’ ಎಂದ. ಸ್ಟೇಷನ್ ಮಾಸ್ತರರ ಮುಂದೆ ನಿಂತು ಕೂಗಾಡಿದೆ. ಪಾಪ, ಕೂಗಾಡಲು ಬಿಟ್ಟು ಒಂದು ಲೋಟ ನೀರು ಕೊಟ್ಟರು.

ಅವರ ಫೋನಿನಿಂದಲೇ ಮನೆಗೆ ಮಾಡಿದೆ. ನಿನ್ನ ಹೆಂಡತಿ ತುಂಬ ಮೆತ್ತಗೆ ಮಾತಾಡಿದಳು. ಬೆಳಗ್ಗೆಯಿಂದ ನೀನು ಕಣ್ಣು ಬಿಟ್ಟಿಲ್ಲವಂತೆ. ಕಾಲು ತಣ್ಣಗಿದೆಯಂತೆ. ‘ನಂಗೆ ಹೆದ್ರಿಕೆ ಆಗ್ತಿಲ್ಲ ಅತ್ತಿಗೆ, ಏನಾಗುತ್ತೆ ಅಂತ ನೀವು ಬರ್ದಿದ್ದೀರಲ್ಲ’ ಎಂದಳು. ಫೋನನ್ನು ನಿನ್ನ ಕಿವಿಗೆ ಹಿಡಿದಳು. ಇಷ್ಟು ಪುಟ ಬರೆದವಳು ಕಣೋ ನಾನು, ಗುಂಡಾ, ಗುಂಡಾ ಎಂದಷ್ಟೇ ಕೂಗಿದೆ. ಮೆಷಿನ್ನಿನ ಸದ್ದು ಕೇಳುತ್ತಿತ್ತು. ಅದರ ನಡುವೆ ನಿನ್ನದೊಂದು ಉಸಿರು ಕೇಳಿತು, ಆಮೇಲೆ ತುಂಬ ಹೊತ್ತಿನ ಮೇಲೆ ಇನ್ನೊಂದು. ಅಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಮತ್ತೆ ಹಚ್ಚುತ್ತಿದ್ದೇನೆ, ಸಿಗುತ್ತಿಲ್ಲ.

ಮಾಡಲು ನನಗೆ ಬೇರೇನೂ ಇಲ್ಲ. ಅಧ್ಯಾಯದ ಪ್ರತಿ ಚೀಲದಲ್ಲಿತ್ತು, ತೆಗೆದು ತಿದ್ದಿದೆ. ಭಾಷಣ ತೆಗೆದೆ. ಕುದುರೆ ತೆಗೆದೆ. ರಾಣಿ ಓಡಿಬಂದು ಕೈ ಹಿಡಿಯುವುದನ್ನು ತೆಗೆಯಲು ಬಹಳ ಹೊತ್ತಾಯಿತು, ಕೊನೆಗೆ ಅದನ್ನೂ ಹೊಡೆದು ಹಾಕಿದೆ. ‘ರಾಣಿ ತಲುಪಲಿಲ್ಲ’ ಎಂದು ಬರೆದೆ. ನೀನು ಹೇಳಿದ್ದು ಸರಿ, ಅಷ್ಟು ದೂರ ಇದೆ.

ಅದರ ಕೆಳಗಿನ ಸಾಲು ಬರೆಯಲು ಕೂತೆ. ಅವನಿಗೆ ಬೇಜಾರಾಗಲಿಲ್ಲ ಎಂದು ನೀನು ಹೇಳಿಕೊಟ್ಟಿದ್ದೀಯ, ಬರೀ ನಕಲು ಮಾಡಿದರೆ ಸಾಕು. ಪೆನ್ನು ಇಟ್ಟರೆ ಕೈ ಓಡುತ್ತಿಲ್ಲ. ಅದು ನನ್ನ ಸಾಲಲ್ಲ ಗುಂಡಾ, ನಿನ್ನದು. ನಿನ್ನ ಬಾಯಿಂದ ಇನ್ನೊಮ್ಮೆ ಕೇಳದೆ ನಾನು ಹೇಗೆ ಬರೆಯಲಿ? ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.

ಅಕ್ಕ